ಅಜ್ಜಿ ಎಂಬ ಕಡತದ ಮೇಲೆ ಬಂದ ದೂರು

ಸ್ವಲ್ಪ ಕೂತು ಇದನ್ನು ಪೂರ್ತಿ ಕೇಳಿ. ಕಂಪ್ಯೂಟರ್ ವಿಷಯ ಎಂದು ಅರ್ಧಕ್ಕೇ ಎದ್ದು ಹೋಗಬೇಡಿ. ಇದರಲ್ಲಿ ಒಂದು ಹಲ್ಲಿದೆ, ಒಂದು ಸಹಿಯಿದೆ, ಕೇಳಿ ಮುಗಿಸಿದರೆ ನಿಮಗೂ ಮೈ ಉರಿಯುತ್ತದೆ.

ಆಸ್ಪತ್ರೆಗಳಿಗೆ ಔಷಧಿಯ ಪಂಪು ತಯಾರಿಸುವ ಸಣ್ಣ ಕಾರ್ಖಾನೆ ಅದು. ರೋಗಿಯ ಮಂಚದ ಪಕ್ಕದ ಕಂಬಕ್ಕೆ ತಗುಲಿಸಿ, ಗಂಟೆಗೆ ಇಷ್ಟು ಮಿಲಿ ಎಂದು ಒತ್ತಿದರೆ ಅಷ್ಟನ್ನೇ ನರಕ್ಕೆ ಬಿಡುವ ಪೆಟ್ಟಿಗೆ. ಹಿಂದಿನ ಕೋಣೆಯಲ್ಲಿ ಉದ್ದನೆಯ ಮೇಜು, ಮೇಜಿನ ಮೇಲೆ ಸಾಲಾಗಿ ಪಂಪುಗಳು, ಇಡೀ ದಿನ ಅಳತೆಯ ಗಾಜಿನ ಲೋಟಗಳಿಗೆ ನೀರು ತೊಟ್ಟಿಕ್ಕುವ ಸದ್ದು. ಆ ಸದ್ದಿನ ನಡುವೆ ಕೂತು ಪೆಟ್ಟಿಗೆಯೊಳಗಿನ ಪ್ರೋಗ್ರಾಂ ಬರೆಯುತ್ತಿದ್ದ ಹುಡುಗಿಯನ್ನು ಎಲ್ಲರೂ ಗುಂಡುಸೂಜಿ ಎನ್ನುತ್ತಿದ್ದರು. ಆಳು ಸಣ್ಣ, ಆದರೆ ಯಾರ ಪ್ರೋಗ್ರಾಂನಲ್ಲಿ ಎಲ್ಲಿ ಪೊಳ್ಳಿದೆಯೋ ಸರಿಯಾಗಿ ಅಲ್ಲೇ ಚುಚ್ಚುತ್ತಿದ್ದಳು.

ಪ್ರೋಗ್ರಾಂ ಸಿ ಭಾಷೆಯದು. ಸಿ ಭಾಷೆಯಲ್ಲಿ ಕ್ಲಾಸು, ಅಂದರೆ ಮಕ್ಕಳು ಮೊಮ್ಮಕ್ಕಳನ್ನು ಹುಟ್ಟಿಸುವ ಮೂಲ ಅಚ್ಚು, ಎಂಬುದೇ ಇಲ್ಲ. ಬೇರೆ ಭಾಷೆಗಳಲ್ಲಿ ಹುಟ್ಟಿನಿಂದಲೇ ಬರುವ ಸೌಕರ್ಯವನ್ನು ಇಲ್ಲಿ ಕೈಯಾರೆ ಕಟ್ಟಿಕೊಳ್ಳಬೇಕು. ಗುಂಡುಸೂಜಿ ಎರಡು ತಿಂಗಳು ಕೂತು ಕಟ್ಟಿದಳು. ಸಿರಿಂಜು, ಅಲಾರಂ, ರೋಗಿಯ ವಿವರ, ಏನೇ ಇರಲಿ, ಎಲ್ಲದರ ತಲೆಯಲ್ಲೂ ಒಂದೇ ಬಗೆಯ ಪಟ್ಟಿ: ನಾನು ಯಾರು, ನನ್ನ ಅಳತೆ ಎಷ್ಟು, ನಾನು ಎಷ್ಟನೆಯ ಆವೃತ್ತಿ, ನನ್ನನ್ನು ಬರೆದಿಡುವುದು ಹೇಗೆ, ಮತ್ತೆ ಓದಿ ಎಬ್ಬಿಸುವುದು ಹೇಗೆ. ಉಳಿದದ್ದೆಲ್ಲ ಅದರ ವಂಶವೇ ಆದ್ದರಿಂದ ಆ ಕಡತಕ್ಕೆ ಅಜ್ಜಿ ಎಂದು ಹೆಸರಿಟ್ಟಳು.

"ಸಿ ಭಾಷೆಗೆ ಮಕ್ಕಳೇ ಇಲ್ಲ, ನೀನು ಅಜ್ಜಿನ ಎಲ್ಲಿಂದ ಕರ್ಕೊಂಡು ಬಂದೆ ತಾಯಿ?" ಎಂದು ನಕ್ಕವರು ದೊಡ್ಡಣ್ಣ. ಆ ಕೋಣೆಗೆಲ್ಲ ಹಿರಿಯರು, ಹೊರಗೆ ಹೋಗುವ ಪ್ರತಿಯೊಂದು ಪಂಪಿನ ಪರೀಕ್ಷಾಪತ್ರಕ್ಕೂ ಸಹಿ ಹಾಕುವವರು.

ಅಜ್ಜಿಯ ದೊಡ್ಡ ಕೆಲಸ ನೆನಪಿಡುವುದು. ಪಂಪಿನ ಪ್ಲಗ್ ಕಿತ್ತು ರೋಗಿಯನ್ನು ಇನ್ನೊಂದು ಕೋಣೆಗೆ ಒಯ್ದು ಮತ್ತೆ ಸಿಕ್ಕಿಸಿದಾಗ, ಮೊದಲಿನ ಲೆಕ್ಕವೇ ಮುಂದುವರಿಯಬೇಕು. ಗುಂಡುಸೂಜಿ ಒಂದೊಂದು ಅಂಕಿಗೂ ಹೆಸರಿನ ಚೀಟಿ ಅಂಟಿಸಿ ಬರೆದಿಡುತ್ತಿದ್ದಳು: ವೇಗ ಐದು, ಮಿತಿ ಎಪ್ಪತ್ತು. ಓದುವಾಗ ಚೀಟಿ ನೋಡಿಯೇ ಒಳಗೆ ಬಿಡುವುದು. ಚೀಟಿ ಸಿಗದಿದ್ದರೆ, ಆವೃತ್ತಿ ತಾಳೆಯಾಗದಿದ್ದರೆ, ಪಂಪು ಕೀ ಎಂದು ಕೂಗಿ ನರ್ಸನ್ನು ಕರೆಯುತ್ತದೆ. ತೊಂಬತ್ತು ಸಾಲು. ಒಂದೊಂದು ಸಾಲನ್ನೂ ಪಂಪಿನ ಪ್ಲಗ್ ಕಿತ್ತು ಹಾಕಿ, ಕಿತ್ತು ಹಾಕಿ ಪರೀಕ್ಷಿಸಿದ್ದಳು.

ಆ ಕೋಣೆಯಲ್ಲಿ ಎರಡು ಪದ್ಧತಿ. ಒಂದು, ಕಡತಕ್ಕೆ ಒಬ್ಬರೇ ಯಜಮಾನರು, ಏನಾದರೂ ಆ ಹೆಸರಿನ ತಲೆಗೇ. ಎರಡು, ಯಾರೂ ತಮ್ಮ ಕಂಪ್ಯೂಟರಿಗೆ ಬೀಗ ಹಾಕುವಂತಿಲ್ಲ, ಏಕೆಂದರೆ ಪಂಪಿಗೆ ಪ್ರೋಗ್ರಾಂ ತುಂಬುವ ತಂತಿ ಇರುವುದು ಎರಡೇ ಕಂಪ್ಯೂಟರಿನಲ್ಲಿ. ಎರಡನ್ನೂ ಮಾಡಿದ್ದು ದೊಡ್ಡಣ್ಣನೇ. ಈ ಎರಡನ್ನು ಒಟ್ಟಿಗೆ ಇಟ್ಟು ಯಾರೂ ಯೋಚಿಸಿರಲಿಲ್ಲ, ಗುಂಡುಸೂಜಿ ಕೂಡ.

ಒಂದು ಗುರುವಾರ ಅವಳು ಅರ್ಧ ದಿನ ರಜೆ ಹಾಕಿ ಹಲ್ಲು ಕೀಳಿಸಿಕೊಳ್ಳಲು ಹೋದಳು. ಅದೇ ದಿನ ದೊಡ್ಡ ಆಸ್ಪತ್ರೆಯವರು ಪಂಪು ನೋಡಲು ಬರುವವರಿದ್ದರು. ಪಂಪು ಬೇಗ ಏಳಲಿ ಎಂದು ದೊಡ್ಡಣ್ಣ ಅವಳ ಕುರ್ಚಿಯಲ್ಲಿ ಕೂತು, ಅವಳ ಹೆಸರಲ್ಲೇ ತೆರೆದಿದ್ದ ಕಂಪ್ಯೂಟರಿನಲ್ಲಿ ಆ ತೊಂಬತ್ತು ಸಾಲು ತೆಗೆದು ಒಂದೇ ಸಾಲು ಹಾಕಿದರು: ಚೀಟಿ ಗೀಟಿ ಬೇಡ, ಒಳಗಿರುವುದನ್ನು ಇದ್ದ ಹಾಗೆ ಎತ್ತಿ ಸುರಿ, ಬೇಕಾದಾಗ ಇದ್ದ ಹಾಗೆ ಎತ್ತಿಕೋ. ಆವೃತ್ತಿ ನೋಡುವ ಸಾಲನ್ನೂ ತೆಗೆದರು, ಬಂದವರ ಎದುರು ಅದು ಕೂಗಿಬಿಟ್ಟರೆ ಮರ್ಯಾದೆ ಹೋದೀತು ಎಂದು. ಪಂಪು ಕಣ್ಣು ಮಿಟುಕಿಸುವುದರಲ್ಲಿ ಎದ್ದಿತು. ಆಸ್ಪತ್ರೆಯವರು ಇಪ್ಪತ್ತಾರು ಪಂಪು ತೆಗೆದುಕೊಂಡರು. ಗುಂಡುಸೂಜಿಗೆ ಈ ಬದಲಾವಣೆಯ ವಿಷಯ ಯಾರೂ ಹೇಳಲಿಲ್ಲ.

ಮುಂದಿನ ತಿಂಗಳು ಅಲಾರಂ ಸದ್ದು ಹೆಚ್ಚುಕಡಿಮೆ ಮಾಡುವ ಅನುಕೂಲ ಸೇರಿತು. ಹೊಸ ಅಂಕಿಗೆ ಜಾಗ ಮಾಡಿದ್ದು ವೇಗಕ್ಕಿಂತ ಮೊದಲು. ಚೀಟಿ ಇದ್ದಿದ್ದರೆ ಎಲ್ಲಿ ಜಾಗ ಮಾಡಿದರೂ ಚಿಂತೆಯಿರಲಿಲ್ಲ. ಹೊಸ ಪ್ರೋಗ್ರಾಂ ಆಸ್ಪತ್ರೆಯ ಪಂಪುಗಳಿಗೆ ಹೋಯಿತು. ಹಳೆಯ ನೆನಪು, ಹೊಸ ಜಾಗ. ಪ್ಲಗ್ ಸಿಕ್ಕಿಸಿದ ಕೂಡಲೇ ಒಂದು ಪಂಪು ಹಳೆಯ ವೇಗದ ಐದನ್ನು ಸದ್ದು ಎಂದುಕೊಂಡಿತು, ಹಳೆಯ ಮಿತಿಯ ಎಪ್ಪತ್ತನ್ನು ವೇಗ ಎಂದುಕೊಂಡಿತು. ಗಂಟೆಗೆ ಎಪ್ಪತ್ತು ಮಿಲಿ. ಕೂಗಲೂ ಇಲ್ಲ.

ರೋಗಿ ಉಳಿದದ್ದು ಅಲ್ಲೇ ನಿಂತಿದ್ದ ನರ್ಸ್ ಹನಿ ಬೀಳುವ ರಭಸ ನೋಡಿ ಕೊಳವೆಯನ್ನು ಕೈಯಲ್ಲೇ ಹಿಸುಕಿ ಹಿಡಿದದ್ದರಿಂದ. ಆ ನರ್ಸ್ ಬೇರೆ ಯಾರೂ ಅಲ್ಲ, ಗುಂಡುಸೂಜಿಯ ಅತ್ತಿಗೆ.

ಮರುದಿನ ಬೆಳಿಗ್ಗೆ ಮ್ಯಾನೇಜರ್ ಕೋಣೆಗೆ ಕರೆ ಬಂತು. ಒಂದು ಕುರ್ಚಿಯಲ್ಲಿ ದೊಡ್ಡಣ್ಣ ಮೊದಲೇ ಕೂತಿದ್ದರು. ಇವಳಿಗೆ ಯಾರೂ ಕೂತುಕೋ ಎನ್ನಲಿಲ್ಲ.

"ಹೋದ ತಿಂಗಳು ಆ ಗುರುವಾರ, ಹನ್ನೊಂದು ಇಪ್ಪತ್ತು. ನಿನ್ನ ಹೆಸರಲ್ಲೇ ಬದಲಾವಣೆ ಆಗಿದೆಯಲ್ಲಮ್ಮ," ಎಂದರು ಮ್ಯಾನೇಜರ್.

"ಸಾರ್, ಹನ್ನೊಂದು ಇಪ್ಪತ್ತಕ್ಕೆ ನನ್ನ ಬಾಯೊಳಗೆ ಇಕ್ಕಳ ಇತ್ತು. ಡಾಕ್ಟರ್ ಚೀಟಿ ಇದೆ. ಬೇಕಂದ್ರೆ ಹಲ್ಲೂ ಇದೆ, ತಂದು ಮೇಜಿನ ಮೇಲಿಡ್ತೀನಿ."

"ಹಲ್ಲು ಕೀಳಿಸ್ಕೊಂಡು ಬಂದ್ಮೇಲಾದ್ರೂ ನೋಡ್ಬೇಕಿತ್ತು," ಎಂದರು ದೊಡ್ಡಣ್ಣ. "ಬಾಗಿಲು ತೆಗೆದಿಟ್ಟು ಹೋಗಿ, ಯಾರೋ ಒಳಗೆ ಬಂದ್ರು ಅಂದ್ರೆ ಹೇಗೆ?"

"ಬಾಗಿಲು ತೆಗೆದಿಡಬೇಕು ಅಂತ ರೂಲ್ ಮಾಡಿದ್ದು ನೀವು. ಅವತ್ತು ಆಸ್ಪತ್ರೆಯವರಿಗೆ ಪಂಪು ತೋರಿಸಿದ್ದೂ ನೀವು, ಒಳಗೆ ಬಂದಿದ್ದೂ ನೀವು."

"ಹೌದಮ್ಮ, ನಾನೇ. ಇಲ್ಲ ಅಂದ್ನಾ? ಅವತ್ತು ಪಂಪು ಅಷ್ಟು ಬೇಗ ಏಳದಿದ್ರೆ ಇವತ್ತು ನಿನ್ನ ಅಜ್ಜಿನ ಯಾರು ಕೇಳ್ತಿದ್ರು?"

ನೋಡಿ, ಒಪ್ಪಿಕೊಂಡರು. ಕಾಲ ಮೇಲೆ ಕಾಲು ಹಾಕಿಕೊಂಡು ಒಪ್ಪಿಕೊಂಡರು. ಗುಂಡುಸೂಜಿ ಮ್ಯಾನೇಜರ್ ಮುಖ ನೋಡಿದಳು. ಅವರು ಕಿಟಕಿ ನೋಡುತ್ತಿದ್ದರು.

"ಕೇಳಿಲ್ಲಿ," ಎಂದು ಮ್ಯಾನೇಜರ್ ಒಂದು ಹಾಳೆ ಮುಂದೆ ತಳ್ಳಿದರು. "ತಪ್ಪು ಹೇಗಾಯ್ತು, ಯಾರಿಂದ ಆಯ್ತು ಅಂತ ಬರೆದು ಸಹಿ ಹಾಕಿ ಕೊಡದೆ ಆಸ್ಪತ್ರೆಯವರು ಸರಿಪಡಿಸಿದ ಪ್ರೋಗ್ರಾಂ ತಗೊಳಲ್ಲ. ನಿನ್ನ ಹೆಸರು ಬರೆದ್ರೆ ಒಂದು ಕಡತದ ತಪ್ಪು, ಮಧ್ಯಾಹ್ನಕ್ಕೆ ಮುಗೀತು. ಇವರ ಹೆಸರು ಬರೆದ್ರೆ, ಇವರು ಸಹಿ ಹಾಕಿರೋ ಅಷ್ಟೂ ಪಂಪು ನಿಲ್ಲಿಸಿ ಮತ್ತೆ ಪರೀಕ್ಷೆ. ಹತ್ತು ಆಸ್ಪತ್ರೆ, ಮೂರು ತಿಂಗಳು. ಅಲ್ಲೀವರೆಗೂ ರೋಗಿಗಳಿಗೆ ಏನ್ ಹೇಳ್ತೀಯ?"

"ನಿಜ ಹೇಳಿದ್ರೆ ರೋಗಿಗೆ ತೊಂದರೆ, ಸುಳ್ಳು ಹೇಳಿದ್ರೆ ರೋಗಿಗೆ ಒಳ್ಳೇದು. ಚೆನ್ನಾಗಿ ಜೋಡಿಸಿದ್ದೀರ ಸಾರ್."

"ಯೋಚನೆ ಮಾಡು. ಮೂರು ಗಂಟೆ ತನಕ ಟೈಮಿದೆ."

ಅವಳು ಮೇಜಿಗೆ ಮರಳಿ ತನ್ನ ತೊಂಬತ್ತು ಸಾಲನ್ನು ಹಿಂದಕ್ಕೆ ತಂದಳು. ಹಳೆಯ ನೆನಪಿಟ್ಟ ಪಂಪುಗಳಿಗೆಂದು ಇನ್ನೂ ಇಪ್ಪತ್ತು ಸಾಲು ಸೇರಿಸಿ, ನಲವತ್ತು ಸಲ ಪ್ಲಗ್ ಕಿತ್ತು ಹಾಕಿ ನೋಡಿದಳು. ಅತ್ತಿಗೆಗೆ ಫೋನ್ ಮಾಡಿದಳು. "ಇಪ್ಪತ್ತಾರು ಪಂಪಿಗೆ ಆರು ಜನ ನರ್ಸ್‌ಗಳು ಗಡಿಯಾರ ಹಿಡ್ಕೊಂಡು ಹನಿ ಎಣಿಸ್ತಾ ನಿಂತಿದ್ದೀವಿ ಕಣೇ, ಆಮೇಲೆ ಮಾತಾಡ್ತೀನಿ," ಎಂದು ಅತ್ತಿಗೆ ಇಟ್ಟುಬಿಟ್ಟಳು.

ಮೂರು ಗಂಟೆಗೆ ಗುಂಡುಸೂಜಿ ಸಹಿ ಹಾಕಿದಳು.

"ಜಾಣೆ," ಎಂದರು ದೊಡ್ಡಣ್ಣ. ಆ ಒಂದು ಮಾತಿಗೆ ಅವಳಿಗೆ ಹಾಳೆ ಕಿತ್ತುಕೊಂಡು ಹರಿಯಬೇಕು ಎನಿಸಿತು. ಆದರೆ ಅಷ್ಟರಲ್ಲಿ ಅದು ಮ್ಯಾನೇಜರ್ ಕೈಯಲ್ಲಿತ್ತು.

ಸಂಜೆ ಮಹಡಿಯ ಮೇಲೆ ಅತ್ತಿಗೆ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಅವಳು ತಬ್ಬಿಕೊಂಡು ಹೊಗಳುತ್ತಾಳೆ ಎಂದುಕೊಂಡೇ ಇವಳು ಎಲ್ಲವನ್ನೂ ಒದರಿದಳು. ಅತ್ತಿಗೆ ಮಡಿಸುವುದನ್ನು ನಿಲ್ಲಿಸಿದಳು.

"ನಾವು ವಾರ್ಡಲ್ಲಿ ತಪ್ಪಾದ್ರೆ ಯಾರ ಕೈಯಿಂದ ಆಯ್ತು ಅಂತ ಯಾಕೆ ಬರೀತೀವಿ ಗೊತ್ತಾ? ಬೈಯೋಕಲ್ಲ. ಆ ಕೈ ಇನ್ನೊಂದ್ಸಲ ಅದನ್ನೇ ಮಾಡಬಾರ್ದು ಅಂತ. ನೀನು ನಿನ್ನ ಕೈ ಬರೆದೆ. ತಪ್ಪು ಮಾಡಿದ ಕೈ ಹಾಯಾಗಿದೆ."

"ಮತ್ತೆ ನೀವು ಹನಿ ಎಣಿಸ್ತಾ ನಿಂತಿದ್ರಲ್ಲ ಅತ್ತಿಗೆ?"

"ಇನ್ನೂ ಎರಡು ದಿನ ಎಣಿಸ್ತಿದ್ವಿ. ಬೇಕಿದ್ರೆ ಎರಡು ತಿಂಗಳು. ನಮ್ಮನ್ನ ಒಂದು ಮಾತು ಕೇಳಿದ್ಯಾ?"

ಗುಂಡುಸೂಜಿ ಮರುದಿನದಿಂದ ಕೋಣೆಯವರೆಲ್ಲರ ಕಡತಗಳನ್ನು ಒಂದೊಂದಾಗಿ ತೆರೆದು ನೋಡತೊಡಗಿದಳು. ಎಂಟನೆಯ ದಿನ, ರಜೆಯಲ್ಲಿದ್ದ ಇನ್ನೊಬ್ಬರ ಹೆಸರಿನ ಸಿರಿಂಜಿನ ಕಡತ ತೆರೆದರೆ, ಅದೇ ಒಂದು ಸಾಲು. ಇದ್ದ ಹಾಗೆ ಎತ್ತಿ ಸುರಿ. ಹಿಂದಿನ ದಿನವೇ ಬಿದ್ದಿದೆ. ಅವಳು ಓಡಿಹೋಗಿ ಮ್ಯಾನೇಜರ್ ಎದುರು ನಿಂತು, ಮತ್ತೆ ಅದೇ ಕೆಲಸ ಆಗಿದೆ ಸಾರ್, ಯಾರದ್ದು ಅಂತ ನಿಮಗೇ ಗೊತ್ತು ಎಂದಳು.

ಮ್ಯಾನೇಜರ್ ಕಾಗದಗಳ ಕಟ್ಟು ಬಿಚ್ಚಿ ಅವಳದೇ ಸಹಿಯ ಹಾಳೆ ತೆಗೆದು ಎದುರಿಗೆ ಇಟ್ಟರು. "ನಂಗೆ ಗೊತ್ತಿರೋದು ಬೇರೆ. ಕಾಗದ ಹೇಳೋದು ಬೇರೆ. ಈ ಥರ ಸಾಲು ಬರೆಯೋ ಅಭ್ಯಾಸ ಇರೋದು ನಿನಗೆ ಅಂತ ನೀನೇ ಬರ್ಕೊಟ್ಟಿದ್ದೀಯಲ್ಲಮ್ಮ."

ಅವಳು ಆ ಹಾಳೆ ನೋಡುತ್ತ ನಿಂತಳು. ಅಕ್ಷರ ಅವಳದೇ, ತಾರೀಖು ಸರಿಯಾಗಿದೆ, ಸಹಿಯ ಕೆಳಗೆ ಎರಡು ಗೆರೆಯನ್ನೂ ಎಳೆದಿದ್ದಳು. ಅದು ಸುಳ್ಳು ಎಂದು ಈಗ ಬರೆದುಕೊಟ್ಟರೆ ಹತ್ತು ಆಸ್ಪತ್ರೆಯ ಪಂಪುಗಳು ನಿಲ್ಲುತ್ತವೆ, ಸುಳ್ಳು ಸಹಿ ಹಾಕಿದವಳೆಂದು ಅವಳ ಕೆಲಸವೂ ಹೋಗುತ್ತದೆ. ಬರೆದುಕೊಡದಿದ್ದರೆ ಆ ಕೈ ಇನ್ನೊಂದು ಕಡತಕ್ಕೆ ಹೋಗುತ್ತದೆ, ಅಲ್ಲಿ ಕೊಳವೆ ಹಿಸುಕಲು ಯಾರು ನಿಂತಿರುತ್ತಾರೋ ಏನೋ.

ಅವತ್ತು ಮೂರು ಗಂಟೆಗೆ, ವಾರ್ಡಿನಲ್ಲಿ ಆರು ಜನ ಹನಿ ಎಣಿಸುತ್ತ ನಿಂತಿದ್ದಾಗ, ಆ ಪೆನ್ನು ನಿಮ್ಮ ಕೈಯಲ್ಲಿದ್ದಿದ್ದರೆ ನೀವು ಏನು ಮಾಡುತ್ತಿದ್ದಿರಿ?