ಸೈದಪ್ಪ ಆರಿಸಿದ ಟ್ರಾಲಿ

ಕುರ್ಚಿಸಮೇತ ಎತ್ತಿ ಶವದ ವ್ಯಾನಿನೊಳಗೆ ತಳ್ಳಲು ಹೋದಾಗ ಸೈದಪ್ಪನ ತಲೆಯ ರುಮಾಲು ಚಾವಣಿಗೆ ತಗುಲಿ ಕಣ್ಣಿನ ಮೇಲೆ ಜಾರಿತು. ಮತ್ತೆ ಕೆಳಗಿಳಿಸಿದರು. ಅಂಬರನಾಥದ ಆ ಬಿಲ್ಡಿಂಗಿನ ಅಂಗಳದಲ್ಲಿ ನೆರೆದವರೆಲ್ಲ ಅಯ್ಯೋ ಎಂದರು.

"ಬಿಠಾಕೇ ನಹೀ ಜಾಯೇಗಾ ಭಾಯ್, ಲಿಟಾನಾ ಪಡೇಗಾ," ಎಂದ ಡ್ರೈವರ್.

"ಮಲಗಸಾದಾ?" ಶರಣಬಸಮ್ಮ ಗಂಡನ ರುಮಾಲು ಸರಿಮಾಡುತ್ತ ಸಿಡಿದಳು. "ನಮ್ಮ ಲಿಂಗಾಯತರಾಗ ಹಂಗ ಪದ್ಧತಿ ಇಲ್ಲ. ಕುಂತೇ ಹೋಗಬೇಕು, ಕುಂತೇ ಮಣ್ಣಾಗಬೇಕು."

"ಈಗ ಮಲಗಿಸಿ ಒಯ್ಯೋಣು ಅವ್ವಾ. ರುದ್ರಭೂಮ್ಯಾಗ ಮತ್ತ ಕೂಡಸಿದ್ರಾತು," ಎಂದ ಮಗ ಸುನಿಲ.

"ಮೈ ಬಿಗಿದದಲ್ಲೋ ತಮ್ಮಾ! ಮುರಿದು ಮಲಗಸ್ತಿ ಏನು ನಿಮ್ಮಪ್ಪನ್ನ?"

ಸುನಿಲನಿಗೆ ಬೇಕಾಗಿದ್ದುದು ವ್ಯಾನಲ್ಲ, ಅದರ ಮುಚ್ಚಿದ ಬಾಗಿಲು. ಆಫೀಸಿನ ಗೆಳೆಯ ಯತಿನ್ ಐರೋಳಿಯಿಂದ ಹೊರಟಿದ್ದ. ಕಲ್ಯಾಣ ಸ್ಟೇಷನ್ ದಾಟಿದೆ, ಇನ್ನೇನು ಬಂದೆ ಎಂದು ಈಗಷ್ಟೇ ಫೋನ್ ಮಾಡಿದ್ದ. ಹೋದ ದೀಪಾವಳಿಗೆ ಯತಿನ್ ಈ ಮುಖ ನೋಡಿದ್ದಾನೆ; ಇದು ಸುನಿಲನ ಅಪ್ಪನ ಮುಖವೆಂದು ಮಾತ್ರ ಅವನಿಗೆ ಗೊತ್ತಿಲ್ಲ. ಹೆತ್ತಪ್ಪ ಸತ್ತ ದಿನವೂ ಎಂಥ ಯೋಚನೆ ನನ್ನದು ಎಂದು ಸುನಿಲನಿಗೇ ಹೇಸಿಗೆಯಾಯಿತು. ಆದರೂ ಕಣ್ಣು ಗೇಟಿನ ಕಡೆಗೇ ಹೋಗುತ್ತಿತ್ತು.

ಪಕ್ಕದ ಮನೆಯ ಮುರಾರಿ ಬಾಯಿ ಹಾಕಿದ. ಉಡುಪಿ ಕಡೆಯವನು, ಸ್ಟೇಷನ್ ಹತ್ತಿರ ಹೋಟೆಲಿಟ್ಟವನು.

"ವ್ಯಾನು ಎಂತಕ್ಕೆ ಮಾರಾಯಾ? ಸೈದಪ್ಪಣ್ಣನದ್ದೇ ಟ್ರ್ಯಾಕ್ಟರ್ ಉಂಟಲ್ಲ, ಅದರ ಹಿಂದೆ ಟ್ರಾಲಿ ಉಂಟು. ಅದರಲ್ಲಿ ರಾಜನ ಹಾಗೆ ಕೂತು ಹೋಗಲಿ!"

ಸರಿ ಸರಿ ಎಂದು ಎಲ್ಲರೂ ತಲೆಯಾಡಿಸಿದರು. ಅದನ್ನು ಓಡಿಸಲು ಬರುತ್ತಿದ್ದುದು ಸುನಿಲನೊಬ್ಬನಿಗೇ.

*

ಸೈದಪ್ಪ ಕಲಬುರಗಿಯಿಂದ ಬಂದು ಇಲ್ಲಿಯ ಕಾರ್ಖಾನೆಯೊಂದರಲ್ಲಿ ಮಾಲಿಯಾಗಿದ್ದವನು. ಕಾರ್ಖಾನೆ ಮುಚ್ಚಿದಾಗ ಸ್ಟೋರಿನ ರಘುಪತಿ ಶೆಡ್ಡಿನ ಬಾಗಿಲು ತೆಗೆದು, "ಸಾಹೇಬ್ರು ಹೇಳ್ಯಾರ. ಎರಡರಾಗ ಒಂದು ಟ್ರ್ಯಾಕ್ಟರ್ ನಿನಗ. ಅದಕ್ಕ ಹಚ್ಚೋ ಸಾಮಾನಿನಾಗ ಒಂದೇ ಒಂದು," ಎಂದಿದ್ದ.

ತೋಟ ನೋಡಿಕೊಳ್ಳಲೆಂದು ಹಳೇ ಮಾಲೀಕರು ಪರದೇಶದಿಂದ ತರಿಸಿದ ಪುಟ್ಟ ಟ್ರ್ಯಾಕ್ಟರುಗಳವು, ಎಮ್ಮೆಕರುವಿನಷ್ಟು ಎತ್ತರ. ಒಂದಕ್ಕೆ ಮೆತ್ತನೆಯ ಸೀಟು, ಹೊಳೆಯುವ ಬಣ್ಣ. ಇನ್ನೊಂದು ತೀರಾ ಹಳೆಯದು. ಕಬ್ಬಿಣದ ಸೀಟು, ಬೋಳು ಮೂತಿ. ಸೈದಪ್ಪ ಆ ಮೂತಿಯನ್ನೇ ಸವರಿದ.

"ಅದು ಚೆಂದ ಅದ ಖರೆ. ಆದ್ರ ಇದು ನನ್ನ ಮಾತು ಕೇಳ್ತದ."

"ಹುಲ್ಲು ಕತ್ತರಿಸೋದನ್ನಾರ ತಗೋ ಅಪ್ಪಾ, ಕೆಲಸಕ್ಕ ಬರ್ತದ," ಎಂದ ಸುನಿಲ.

ಸೈದಪ್ಪ ಕಟರಿನ ಅಲಗು ಮುಟ್ಟಿ ನೋಡಿದ. ನೇಗಿಲು ಎತ್ತಿ ನೋಡಿದ. ಮಣ್ಣು ತಳ್ಳುವ ಹಲಗೆಯ ಮುಂದೆ ಸ್ವಲ್ಪ ಹೊತ್ತು ನಿಂತ. ಸೀರೆ ಅಂಗಡಿಗೆ ಬಂದವರ ಹಾಗೆ ಎಲ್ಲವನ್ನೂ ಇನ್ನೊಂದು ಸುತ್ತು ನೋಡಿ, ಕೊನೆಗೆ ಮೂಲೆಯಲ್ಲಿ ಗೊಬ್ಬರ ಮೆತ್ತಿಕೊಂಡು ಬಿದ್ದಿದ್ದ ಟ್ರಾಲಿಯನ್ನು ಎಳೆದು ತಂದ.

"ಈ ಗುಜರಿ ಸಾಮಾನು ಯಾಕಪ್ಪಾ?"

"ಒಬ್ಬನೇ ಹೊಡಕೊಂಡು ಹೋಗಾದ್ರಾಗ ಏನದೋ? ಹಿಂದ ಯಾರಾರ ಕುಂತಿರಬೇಕು."

ಮುಂದೆ ದಿನಾ ಸಂಜೆ ಬಿಲ್ಡಿಂಗಿನ ಮಕ್ಕಳೆಲ್ಲ ಟ್ರಾಲಿಯಲ್ಲೇ. ಅವು ಬಿದ್ದಾವೆಂದು ಸೈದಪ್ಪ ಸ್ಟಿಯರಿಂಗಿನ ಪಕ್ಕ ಒಂದು ಸ್ಕೂಟರಿನ ಕನ್ನಡಿ ಬಿಗಿದ. ಬೇಡವೆಂದರೂ ಬಿಡದೆ ಸುನಿಲನಿಗೆ ಓಡಿಸುವುದನ್ನು ಕಲಿಸಿದ.

*

ಅಪ್ಪ ಕಾರ್ಖಾನೆಯ ಮ್ಯಾನೇಜರ್ ಆಗಿದ್ದರೆಂದು ಸುನಿಲ ಆಫೀಸಿನಲ್ಲಿ ಹೇಳಿಕೊಂಡಿದ್ದ. ಯಾಕೆ ಹೇಳಿದನೋ, ಒಮ್ಮೆ ಹೇಳಿದ ಮೇಲೆ ಹಿಂತೆಗೆಯಲಾಗಲಿಲ್ಲ. ದೀಪಾವಳಿಯ ದಿನ ಯತಿನ್ ಹೇಳದೆ ಕೇಳದೆ ಮಿಠಾಯಿ ಡಬ್ಬ ಹಿಡಿದು ಗೇಟಿನೊಳಗೆ ಬಂದ. ಬನಿಯನ್ನಿನಲ್ಲಿ ಟ್ರ್ಯಾಕ್ಟರ್ ತೊಳೆಯುತ್ತಿದ್ದ ಸೈದಪ್ಪ, ಮಗನ ದೋಸ್ತ ಬಂದನೆಂದು ಕೈ ಒರೆಸಿಕೊಳ್ಳುತ್ತ ನಗುನಗುತ್ತ ಎದುರು ಹೋದ.

"ಹೇ ಕೋಣ?" ಯಾರಿವರೆಂದು ಯತಿನ್ ಕೇಳಿದ.

"ಸೊಸಾಯಟೀಚಾ ಮಾಳೀ," ಎಂದುಬಿಟ್ಟ ಸುನಿಲ. ಈ ಬಿಲ್ಡಿಂಗಿನ ಸೊಸೈಟಿಯ ಮಾಲಿ.

ಅರ್ಧ ಆಯುಷ್ಯ ಇಲ್ಲೇ ದುಡಿದವನಿಗೆ ಅಷ್ಟು ಮರಾಠಿ ತಿಳಿಯದೆ? ಮುಂದೆ ಚಾಚಿದ್ದ ಕೈಯನ್ನು ಸೈದಪ್ಪ ಹಣೆಗೆ ಒಯ್ದ. "ನಮಸ್ಕಾರ್, ಸಾಹೇಬ್." ಮೊದಲು ಯತಿನ್‌ನಿಗೆ. ಆಮೇಲೆ ಮಗನಿಗೂ.

ಆ ಮಾತನ್ನು ಸೈದಪ್ಪ ಹೆಂಡತಿಗೂ ಹೇಳಲಿಲ್ಲ. ಒಮ್ಮೆ ಬಾಯ್ತುಂಬ ಬೈದಿದ್ದರೆ ಸುನಿಲ ಬದುಕಿಕೊಳ್ಳುತ್ತಿದ್ದ.

*

ಟ್ರಾಲಿ ತೊಳೆದು ಬಾಳೆಕಂದು ಕಟ್ಟಿದರು. ಸೈದಪ್ಪನನ್ನು ಕುರ್ಚಿಸಮೇತ ಕೂರಿಸಿದರು. ಒಂದು ಪಕ್ಕ ಹಿಡಿದುಕೊಳ್ಳಲು ಮುರಾರಿ ಹತ್ತಿದ. ಬರಿಗಾಲಲ್ಲಿ ಕಬ್ಬಿಣದ ಸೀಟೇರಿದ ಸುನಿಲ, ಅಪ್ಪನ ಮುಖ ಕಾಣದಂತೆ ಮೊದಲು ಕನ್ನಡಿಯನ್ನು ಆಚೆ ತಿರುಗಿಸಿದ. ಎಂಜಿನ್ ಕೂಡಲೇ ಸ್ಟಾರ್ಟಾಯಿತು. ಗೇಟಿನ ಹತ್ತಿರ ಬರುವಷ್ಟರಲ್ಲಿ ಯತಿನ್ ಹಾರ ಹಿಡಿದು ಎದುರಿಗೇ ನಿಂತಿದ್ದ.

ವಿಭೂತಿ ಬಳಿದ ಹಣೆಯನ್ನು ಯತಿನ್ ದಿಟ್ಟಿಸಿ ನೋಡಿದ. "ಅರೇ, ಮಾಳೀಕಾಕಾ!" ಎಂದ. ಆಮೇಲೆ ಸುನಿಲನ ಬರಿಗಾಲು ನೋಡಿದ. "ಸುನಿಲ್... ತುಝೇ ಬಾಬಾ?" ನಿನ್ನ ಅಪ್ಪನಾ ಎಂದು ಕೇಳಿದ.

"ಏನಂದಾಂವ?" ಶರಣಬಸಮ್ಮ ಟ್ರಾಲಿಯ ಅಂಚು ಹಿಡಿದು ಕೇಳಿದಳು. "ನಿಮ್ಮಪ್ಪನ್ನ ಮಾಲಿಕಾಕಾ ಅಂತ ಯಾಕ ಕರದ? ಕಾರ್ಖಾನಿ ಬಿಟ್ಟು ಎಷ್ಟ್ ದಿನ ಆತು!"

ಎಂಜಿನ್ನಿನ ಸದ್ದಿನಲ್ಲಿ ಸುನಿಲ ಅವ್ವನ ಮಾತು ಕೇಳಿಸದವನಂತೆ ಮುಂದೆ ಹೋಗಿಬಿಡಬಹುದಿತ್ತು. ಅವನು ಎಂಜಿನ್ ಬಂದ್ ಮಾಡಿದ.

"ಹೋ. ಮಾಝೇ ಬಾಬಾ," ಎಂದ ಯತಿನ್‌ನಿಗೆ. ಅವ್ವನ ಕಡೆ ತಿರುಗಿದ. "ನಾನೇ ಹೇಳಿದ್ದೆ ಅವ್ವಾ. ಇವರು ನಮ್ಮ ಸೊಸಾಯಟಿ ಮಾಲಿ ಅಂತ. ಅಪ್ಪನ ಎದುರಿಗೇ."

ಶರಣಬಸಮ್ಮ ಮಗನ ಮುಖವನ್ನೇ ನೋಡಿದಳು. ಬಾಯಿ ತೆರೆದಳು, ಸೆರಗಿನಿಂದ ಮುಚ್ಚಿಕೊಂಡಳು.

"ನಡಿ," ಎಂದಳು ಆಮೇಲೆ. "ಹೊತ್ತಾತು."

ಯತಿನ್ ಬೂಟು ಕಳಚಿ ಗೇಟಿನ ಬದಿಗಿಟ್ಟು, ಹಾರವನ್ನು ಸೈದಪ್ಪನ ಕೊರಳಿಗೆ ಹಾಕಿ, ಟ್ರಾಲಿಯ ಇನ್ನೊಂದು ಪಕ್ಕ ಹತ್ತಿ ಕುಳಿತ.

ಸುನಿಲ ಕನ್ನಡಿಯನ್ನು ಮೊದಲಿದ್ದಂತೆ ತಿರುಗಿಸಿ, ಎಂಜಿನ್ ಮತ್ತೆ ಸ್ಟಾರ್ಟ್ ಮಾಡಿದ. ರಸ್ತೆಯ ಗುಂಡಿಗೆ ಟ್ರಾಲಿ ಕುಲುಕಿತು. ಅಪ್ಪ ಕುರ್ಚಿಸಮೇತ ಪಕ್ಕಕ್ಕೆ ವಾಲಿದ. ಯತಿನ್ ಹೆಗಲ ಸುತ್ತ ಕೈಹಾಕಿ ಅವನನ್ನು ತನ್ನ ಎದೆಗೆ ಒತ್ತಿ ಹಿಡಿದುಕೊಂಡ. ಬಿಳಿ ಅಂಗಿಗೆ ಅಪ್ಪನ ಹಣೆಯ ವಿಭೂತಿ ಹತ್ತುತ್ತಿರುವುದು ಕನ್ನಡಿಯಲ್ಲಿ ಕಾಣುತ್ತಿತ್ತು.