ಎರಡನೇ ಮೈಕಿನ ಚೀಟಿ

"ತಿರುವು ಬಂತು, ನಿಧಾನ," ಎಂದ ಮುಂದೆ ಹೊತ್ತವನು. ಹಿಂದೆ ಹೊತ್ತಿದ್ದ ಬಡಾವಣೆಯ ಟೈಲರ್ ಗೋಡೆಗೆ ಒರಗಿ, ಒಂದೊಂದೇ ಮೆಟ್ಟಿಲು ಇಳಿದ. ಎರಡನೇ ಮಹಡಿಯಿಂದ ಹೆಣ ಇಳಿಸುವುದೆಂದರೆ ಮಕ್ಕಳಾಟವಲ್ಲ. ಚೀಟಿಯಮ್ಮನೇನೋ ಹಗುರವಾಗಿದ್ದಳು, ಆದರೂ ಅವನ ಹೆಗಲು ಉರಿಯುತ್ತಿತ್ತು.

ಕೆಳಗೆ ಅವನಂತೆಯೇ ರೇಡಿಯೋ ಕೇಂದ್ರದಲ್ಲಿ ದುಡಿಯುವ ಎಂಟು ಹತ್ತು ಸ್ವಯಂಸೇವಕರು ಪಿಸುಗುಟ್ಟುತ್ತಿದ್ದರು. ಎಲ್ಲರ ಬಾಯಲ್ಲೂ ಅವಳ ಚೀಟಿಗಳೇ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅವರಿವರಿಗೆ ಲೈನು ಜೋಡಿಸಿಕೊಟ್ಟ ಹೆಂಗಸು, ನಿವೃತ್ತಿಯಾದ ಮೇಲೆ ಬಡಾವಣೆಯ ಪುಟ್ಟ ರೇಡಿಯೋಗೆ ಅಂಟಿಕೊಂಡಿದ್ದಳು. ಮೈಕಿನ ಮುಂದೆ ಒಂದು ದಿನವೂ ಕೂತವಳಲ್ಲ. ಬಂದ ಹೊಸ ಹಾಡುಗಳನ್ನೆಲ್ಲ ಕೇಳಿ, ಐದನ್ನು ಆರಿಸಿ, ಸೋಮವಾರ ಸ್ಟುಡಿಯೋ ಬಾಗಿಲಿಗೆ ಚೀಟಿ ಅಂಟಿಸುವಳು. 'ಮೂರನೆಯ ಹಾಡಿನ ಹುಡುಗಿ ಹೆದರಿದ್ದಾಳೆ. ಎರಡನೇ ಚರಣದ ತನಕ ಕಾಯಿರಿ.' ಅದರ ಕೆಳಗೆ ಬುದ್ಧಿಮಾತು: 'ಮಿಕ್ಸರಿನ ಮೇಲೆ ಟೀ ಇಡಬೇಡಿ, ಅದಕ್ಕೆ ಬಾಯಾರಿಕೆಯಿಲ್ಲ.' 'ಹೆಡ್‌ಫೋನಿಗೆ ತಲೆಯೆಣ್ಣೆ ಬೇಕಿಲ್ಲ.'

"ಪಾಪ, ಕಿವಿ ಹೋದ ಸುದ್ದಿ ಊರಿಗೆಲ್ಲ ಗೊತ್ತಾಯ್ತಲ್ಲ, ಅದೇ ಕೊರಗಿರಬೇಕು," ಎಂದಳು ಕೇಂದ್ರದ ಮೇಲ್ವಿಚಾರಕಿ. "ಹಾಳು ಸ್ವಿಚ್ಚು."

ಟೈಲರ್ ಚಪ್ಪಲಿ ಹುಡುಕುವವನಂತೆ ಬಗ್ಗಿದ.

* * *

ಎರಡು ತಿಂಗಳ ಹಿಂದೆ ಚೀಟಿಯಮ್ಮ ಹೆಡ್‌ಫೋನನ್ನು ಅವನ ಕೈಗಿತ್ತಿದ್ದಳು. "ಬಲಗಡೆ ಏನಾದ್ರೂ ವಾದ್ಯ ಇದೆಯಾ ನೋಡಪ್ಪ." ಇತ್ತು, ಇಡೀ ಹಾಡಿಗೇ ಜೀವ ಕೊಡುವ ಕೊಳಲು. ಅವಳು ಹೆಡ್‌ಫೋನ್ ಮರಳಿ ಪಡೆದು, "ಯಾರಿಗೂ ಹೇಳ್ಬೇಡ. ತಿಳಿದ್ರೆ ಮನೇಲಿ ಕೂತ್ಕೊಳ್ಳಿ ಅಂತಾರೆ. ಇದೂ ಇಲ್ಲದಿದ್ರೆ ನಾನೇನು ಮಾಡ್ಲಿ?" ಎಂದಳು. ಅವನು ದೇವರಾಣೆ ಹೇಳಲ್ಲ ಎಂದ. ಅಂದಿನಿಂದ ಅವಳ ಬಲಗಿವಿ ಅವನೇ ಆದ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಹಾಡು ಕೇಳುವರು.

ಅಂಥವನು, ಒಂದು ಬೆಳಗಿನ ಕಾರ್ಯಕ್ರಮದಲ್ಲಿ ಹಾಡು ಹಚ್ಚಿಟ್ಟು, ಗಾಜಿನಾಚೆ ಕೂತ ಇನ್ನೊಬ್ಬ ಸ್ವಯಂಸೇವಕ, ಬ್ಯಾಂಕ್ ಗುಮಾಸ್ತನನ್ನು ನಗಿಸಲು ನಾಲಿಗೆ ಸಡಿಲ ಬಿಟ್ಟ. "ಇದು ಚೀಟಿಯಮ್ಮ ಪಾಸ್ ಮಾಡಿದ ಹಾಡು. ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿ ಗಂಟುಮೂಟೆ ಕಟ್ತಿದೆ. ಅರ್ಧ ಹಾಡು ಕೇಳಿ ಪೂರ್ತಿ ಮಾರ್ಕು ಕೊಡ್ತಾಳೆ ಮಹಾತಾಯಿ!"

ಗುಮಾಸ್ತ ನಗಲಿಲ್ಲ. ಅವನ ಮುಂದಿದ್ದ ಎರಡನೇ ಮೈಕಿನ ಕೆಂಪು ದೀಪದ ಕಡೆ ಬೆರಳು ತೋರಿಸಿದ. ಟೈಲರ್ ಸ್ವಿಚ್ ಆರಿಸಲು ಮರೆತಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಲ್ಲಂತೂ ಇಡೀ ಬಡಾವಣೆಯ ಅಡುಗೆಮನೆಗಳಿಗೇ ಹೋಗಿತ್ತು.

ಮಾರನೆಯ ದಿನ, ಮೈಕ್ ಆರಿಸದೆ ಬಿಟ್ಟ ಟೈಲರನನ್ನು ಹೊರಗೆ ಹಾಕುತ್ತೇನೆಂದು ಮೇಲ್ವಿಚಾರಕಿ ಕೆಂಡ ಕಾರುತ್ತಿದ್ದಾಗ, ಚೀಟಿಯಮ್ಮ ಬಂದಳು. ಯಾರ ಮುಖವನ್ನೂ ನೋಡದೆ ಎರಡನೇ ಮೈಕಿಗೆ ಚೀಟಿ ಅಂಟಿಸಿದಳು: 'ಇದರ ಸ್ವಿಚ್ ಸರಿಯಿಲ್ಲ. ಆರಿಸಿದರೂ ಆರುವುದಿಲ್ಲ. ಯಾರೂ ಬಳಸಬೇಡಿ.' ಅಲ್ಲಿಗೆ ವಿಚಾರಣೆ ಮುಗಿಯಿತು. ಟೈಲರ್, ನಾಳೆ ಫೋನ್ ಮಾಡಿ ತಪ್ಪಾಯಿತು ಎಂದರಾಯಿತು ಅಂದುಕೊಂಡ. ಅವಳು ಹಾಡುಗಳನ್ನು ಮನೆಗೇ ತರಿಸಿಕೊಳ್ಳತೊಡಗಿದಳು, ಅವನ ಆ ನಾಳೆ ನಾಲ್ಕು ವಾರ ಬೆಳೆಯಿತು. ಆಮೇಲೆ ಇವತ್ತು ಬಂತು.

* * *

ಮಣ್ಣು ಮಾಡಿ ಬಂದ ಮೇಲೆ ಚೀಟಿಯಮ್ಮನ ತಂಗಿ ಬಾಗಿಲಲ್ಲಿ ನಿಂತು, ರೇಡಿಯೋದ ಟೈಲರ್ ಯಾರು ಎಂದು ಕೇಳಿದಳು. ಕುಂಬಳಕಾಯಿ ಕಳ್ಳನಂತೆ ಅವನ ಕೈ ತಾನಾಗಿ ಹೆಗಲಿಗೆ ಹೋಯಿತು.

ಒಳಗೆ ಫೋನಿನ ಪಕ್ಕದಲ್ಲೊಂದು ಕುರ್ಚಿಯಿತ್ತು. ತಂಗಿ ಅದರ ಬೆನ್ನು ಹಿಡಿದು ನಿಂತಳು. "ಒಂದು ತಿಂಗಳಿಂದ ಸಂಜೆ ಆದ್ರೆ ಇಲ್ಲೇ ಕೂತಿರೋಳು ಅಕ್ಕ. ರಿಂಗ್ ಆದ್ರೆ ಕೇಳಿಸಲ್ವಲ್ಲ, ಅದಕ್ಕೆ ಅದುರೋದಾದ್ರೂ ತಿಳೀಲಿ ಅಂತ ಫೋನ್ ಮೇಲೆ ಕೈ ಇಟ್ಕೊಂಡು. ಯಾರು ಮಾಡ್ಬೇಕಿತ್ತು ಅಂದ್ರೆ, ಟೈಲರ್ ಅಂದ್ಳು. ಏನಪ್ಪಾ, ಹೊಲಿಯೋಕೇನಾದ್ರೂ ಕೊಟ್ಟಿದ್ಳಾ?"

"ಇಲ್ಲಮ್ಮ," ಎಂದ ಅವನು.

ಅವಳು ಅಕ್ಕನ ಕೊನೆಯ ಚೀಟಿ ಕೊಟ್ಟಳು. 'ಈ ವಾರ ಒಂದೇ ಹಾಡು ಆರಿಸಿದ್ದೇನೆ. ಉಳಿದವು ನನಗೆ ಸರಿಯಾಗಿ ಕೇಳಿಸಲಿಲ್ಲ. ಬೇರೆ ಯಾರಾದರೂ ಕೇಳಿ ಹೇಳಿ.' ಕೆಳಗೆ: 'ಎರಡನೇ ಮೈಕಿನ ಚೀಟಿ ನಾನು ಹೇಳುವ ತನಕ ತೆಗೆಯಬೇಡಿ.'

* * *

ಸಂಜೆ ಐದಕ್ಕೆ ರೇಡಿಯೋದಲ್ಲಿ ಚೀಟಿಯಮ್ಮನ ನೆನಪಿನ ಅರ್ಧ ಗಂಟೆ. ಚೀಟಿ ಓದುವ ಕೆಲಸವನ್ನು ಮೇಲ್ವಿಚಾರಕಿ ಟೈಲರನಿಗೇ ವಹಿಸಿದ್ದಳು. ಅವನು ಎರಡನೇ ಮೈಕಿನ ಮುಂದೆ ಕೂತ. ಅದು ಕೆಟ್ಟಿದೆಯಲ್ಲ ಎಂದು ಗಾಜಿನಾಚೆಯಿಂದ ಅವಳು ಕೈಯಾಡಿಸಿದಳು. ಅವನು ಅಂಟಿಸಿದ್ದ ಚೀಟಿಯನ್ನು ಹರಿಯದಂತೆ ಬಿಡಿಸಿ ಜೇಬಿಗಿಟ್ಟುಕೊಂಡು ಸ್ವಿಚ್ ಒತ್ತಿದ. ಕೆಂಪು ದೀಪ ಹತ್ತಿತು. ಮತ್ತೆ ಒತ್ತಿದ, ಆರಿತು. ಇನ್ನೊಮ್ಮೆ ಒತ್ತಿದ.

"ಈ ಸ್ವಿಚ್ಚಿಗೆ ಏನೂ ಆಗಿಲ್ಲ," ಎಂದ. "ಅವತ್ತು ಆರಿಸೋದು ಮರೆತವನು ನಾನು. ನನ್ನನ್ನ ನಂಬಿ ಹೇಳಿದ ಮಾತನ್ನ ನಗೋಕೆ ಅಂತ ಆಡಿದವನೂ ನಾನೇ. ಅಮ್ಮ, ತಪ್ಪಾಯ್ತು."

ಮೇಲ್ವಿಚಾರಕಿ ಕೈಯಾಡಿಸುವುದನ್ನು ನಿಲ್ಲಿಸಿದಳು. ಅವನು ಚೀಟಿ ಓದಿ, ಚೀಟಿಯಮ್ಮ ಆರಿಸಿದ ಹಾಡು ಹಚ್ಚಿ, ಸ್ವಿಚ್ ಆರಿಸಿದ. ದೀಪ ಆರಿದ್ದನ್ನು ಎರಡು ಸಲ ನೋಡಿಕೊಂಡ. ಹೆಡ್‌ಫೋನಿನ ಎಡಗಡೆ ಒಬ್ಬ ಮುದುಕನ ದನಿ. ಬಲಗಡೆ ಬರೀ ಒಂದು ತಂತಿ. ಹಾಡು ಮುಗಿಯಿತು, ಅರ್ಧ ಗಂಟೆಯೂ ಮುಗಿಯಿತು. ಕೇಳಿದವರು ಮಾತಾಡಲೆಂದು ಇಟ್ಟ ಫೋನ್ ಮೂಲೆಯಲ್ಲಿ ಸುಮ್ಮನಿತ್ತು.

ಅವನು ಕುರ್ಚಿಯನ್ನು ಅದರ ಪಕ್ಕಕ್ಕೆ ಎಳೆದುಕೊಂಡು, ಫೋನಿನ ಮೇಲೆ ಕೈಯಿಟ್ಟು ಕೂತ.