ದಪ್ಪ ತಂತಿಯ ಜೀರ್ ಸದ್ದು

ಮತ್ತೆ ಜೀರ್ ಅಂತು, ಕಿಟಕಿಯ ಗಾಜೋ, ಅಲ್ಲ, ತಂತಿಯೇ, ಮೇಲಿನ ದಪ್ಪ ತಂತಿ, ಡಬ್ಬಿಯೊಳಗೆ ಸಿಕ್ಕಿಬಿದ್ದ ನೊಣದ ಹಾಗೆ, ಅವನಿದ್ದಾಗಲೂ ಹೀಗೇ ಇತ್ತು — ಅಗ್ಗದ ಬೇಸ್ ಗಿಟಾರು ಕಣೇ, ಇದರ ಹಣೆಬರಹವೇ ಇಷ್ಟು — ಅನ್ನುತ್ತ ನಗುತ್ತಿದ್ದ, ಈಗ ಅದು ಅವಳ ತೊಡೆಯ ಮೇಲೆ ಮಲಗಿದೆ, ಗಂಡ ಬದುಕಿದ್ದಾಗ ಮುಟ್ಟಲು ಬಿಡದಿದ್ದದ್ದು, ಮುಟ್ಟಬೇಡ್ವೇ, ಶ್ರುತಿ ಹೋಗುತ್ತೆ, ಈಗ ಹೋದರೆ ಹೋಯಿತು, ಬೈಯುವವರಾದರೂ ಯಾರಿದ್ದಾರೆ. ಸಂಜೆ ಧಡಬಡ ಬರುತ್ತಾನೆ, ಗಂಡನ ಬ್ಯಾಂಡಿನಲ್ಲಿ ಡ್ರಮ್ ಬಾರಿಸುವವನು, ಅವಳಿಟ್ಟ ಹೆಸರು ಅದು, ಮಾತೂ ಹಾಗೇ, ಮೊನ್ನೆ ಅಂದಿದ್ದ — ಅತ್ತಿಗೆ, ಸುಮ್ನೆ ಗೋಡೆಗೆ ಒರಗಿಸಿಟ್ಟು ಧೂಳು ತಿನ್ನಿಸ್ತೀರಲ್ಲ, ಹೊಸದಾಗಿ ಸೇರಿದವನು ನುಡಿಸಲಿ ಬಿಡಿ, ಇಲ್ದಿದ್ರೆ ಅವನಿಗೂ ಬೇಜಾರಾಗುತ್ತೆ — ಅವನಿಗೆ! ಸತ್ತವನ ಬೇಜಾರು ಇವರಿಗೆಲ್ಲ ಎಷ್ಟು ಚೆನ್ನಾಗಿ ತಿಳಿಯುತ್ತದೆ, ಅವಳದೊಂದು ಬಿಟ್ಟು, ಆಯಿತು, ತಗೊಂಡು ಹೋಗಿ ಅಂದಿದ್ದಳು, ಬೇಡ ಕಣೇ ಅಂದಿದ್ದರು ಅತ್ತೆ, ಯಾಕೆ ಅಂದರೆ ಸೊಪ್ಪು ಬಿಡಿಸುತ್ತ ಕೂತರು. ಕೊಡುವುದಾದರೆ ನೆಟ್ಟಗೆ ಮಾಡಿ ಕೊಡಬೇಕು, ಇಲ್ಲದಿದ್ದರೆ ನಾಳೆ ಆಡಿಕೊಳ್ಳುತ್ತಾರೆ, ಪಾಪ, ಎಂಥ ಡಬ್ಬಾ ಇಟ್ಕೊಂಡು ನುಡಿಸ್ತಿದ್ದ ನೋಡು ಅಂತ, ಅದೊಂದು ಆಗಬಾರದು.

ಫೋನಿನಲ್ಲಿ ಯಾರೋ ಬೋಳುತಲೆಯವನು ಹೇಳಿಕೊಡುತ್ತಾನೆ, ಗಿಟಾರಿನ ಕತ್ತಿನೊಳಗೊಂದು ಕಬ್ಬಿಣದ ಸರಳಿರುತ್ತೆ, ಅದು ಅತಿಯಾಗಿ ಬಿಗಿಯಾದ್ರೆ ಕತ್ತು ಹಿಂದಕ್ಕೆ ಬಾಗುತ್ತೆ, ತಂತಿ ಕೆಳಗಿನ ಲೋಹದ ಪಟ್ಟಿಗಳಿಗೆ ಬಡಿಯುತ್ತೆ, ಮೊದಲ ಪಟ್ಟಿಯ ಹತ್ತಿರ ಒಂದು ಕೈ, ಕೊನೆಯದರ ಮೇಲೆ ಮೊಣಕೈ, ಒತ್ತಿ ಹಿಡಿದು ತಂತಿಗೂ ಪಟ್ಟಿಗೂ ನಡುವೆ ನೋಡಿದರೆ ಕಾಗದ ತೂರುವಷ್ಟು ಜಾಗವೂ ಇಲ್ಲ. ಸರಳು ತಿರುಗಿಸುವ ಕೀಲಿ? ಚೀಲದ ಜೇಬಿನಲ್ಲೇ ಇದೆ, ಗಿಟಾರಿನ ಜೊತೆ ಬಂದದ್ದು, ಮೂಲೆ ಮಡಚಿದ ಪುಟ್ಟ ಕಡ್ಡಿ, ಪ್ಲಾಸ್ಟಿಕ್ ಕವರನ್ನೂ ಒಡೆದಿಲ್ಲ ಮಹಾನುಭಾವ, ಹಲ್ಲಿನಿಂದ ಹರಿದಳು, ಗಿಟಾರಿನ ತಲೆಯ ಬಳಿಯ ತೂತಿಗೆ ಸಿಕ್ಕಿಸಿ ಸಡಿಲಿಸಿದಳು, ಕಾಲು ಸುತ್ತು, ಮರ ಕಿರ್ ಅಂತು, ಮುರಿಯಲಿಲ್ಲ, ಶ್ರುತಿ ಸರಿಮಾಡಿ ಮೀಟಿದಳು — ದುಂ. ತುಂಬಿದ ಕೊಡದ ಹಾಗೆ ದುಂ. ಇಷ್ಟೇನಾ. ಇಷ್ಟಕ್ಕಾ ಅಷ್ಟು ವರ್ಷ. ಕಾಲು ಸುತ್ತು ತಿರುಗಿಸುವ ಬದಲು ಹಣೆಬರಹ ಅಂದುಬಿಟ್ಟ, ಎಲ್ಲದಕ್ಕೂ ಹಾಗೇ, ಹರಟೆ ಹೊಡೆಯುತ್ತಿದ್ದವನು ಇದ್ದಕ್ಕಿದ್ದಂತೆ ನಿಂತು ಎಡಗೈಯ ಎರಡು ಬೆರಳನ್ನು ಎದೆಗೂಡಿಗೆ ಒತ್ತಿ ಹಿಡಿಯುತ್ತಿದ್ದ, ತಂತಿ ಒತ್ತುವ ಹಾಗೇ, ಏನಾಯ್ತು ಅಂದರೆ ಗ್ಯಾಸು ಕಣೇ, ಡಾಕ್ಟರ ಹತ್ತಿರ ಹೋಗೋಣ ಅಂದರೆ ನನ್ನ ಎಂಜಿನ್ನೇ ಹೀಗೆ, ಸ್ವಲ್ಪ ಜೀರ್ ಅನ್ನುತ್ತೆ, ಎಂಥ ಜೋಕು, ಅವಳೂ ನಕ್ಕಿದ್ದಳು, ಆಮೇಲೆ ಆಸ್ಪತ್ರೆಯ ಹಸಿರು ಗೋಡೆ, ಕನ್ನಡಕ ಒರೆಸುತ್ತ ಡಾಕ್ಟರು, ಸ್ವಲ್ಪ ಮೊದಲೇ ಬಂದಿದ್ರೆ ದೊಡ್ಡ ವಿಷಯವೇ ಆಗಿರ್ಲಿಲ್ಲಮ್ಮ —

ದುಂ. ಮತ್ತೆ ಮೀಟಿದಳು, ಸಿಟ್ಟಿಗೇ ಮೀಟಿದಳು, ದುಂ, ಬಾಗಿಲಲ್ಲಿ ಅತ್ತೆ, ಒದ್ದೆ ಕೈ, ಸೆರಗಿಗೂ ಒರೆಸಿಕೊಂಡಿಲ್ಲ. ಏನು ಮಾಡಿದೆ ಅದಕ್ಕೆ. ಸರಿಮಾಡಿದೆ ಅತ್ತೆ. ಸರಿ? ನೀನು ಆಗಾಗ ಮೀಟೋವಾಗ ಆ ಜೀರ್ ಅಡುಗೆಮನೆಗೆ ಕೇಳಿಸ್ತಿತ್ತು, ಮಗ ಇಲ್ಲೇ ರೂಮಲ್ಲಿದಾನೆ ಅನ್ಕೊಂಡು ಎರಡು ನಿಮಿಷ ಕೆಲಸ ಮಾಡ್ತಿದ್ದೆ, ಈಗ ಇದು ಯಾರದು. ಮೊದಲಿನ ಹಾಗೇ ಮಾಡು. ಮಾಡ್ತೀನಿ ಅತ್ತೆ, ಮಾಡ್ತೀನಿ, ಕೀಲಿ ಜಾರಿತು, ಮತ್ತೆ ಸಿಕ್ಕಿಸಿ ಬಿಗಿ ಮಾಡಿದಳು, ಅದೇ ಕಾಲು ಸುತ್ತು, ಅಥವಾ ಕೂದಲೆಳೆ ಹೆಚ್ಚು, ಮೀಟಿದರೆ ಜೀರ್ ಅಲ್ಲ, ಟಕಟಕ, ಸ್ವಲ್ಪ ಸಡಿಲಿಸಿದರೆ ದುಂ, ನಡುವೆ ಎಲ್ಲೋ ಇದ್ದ, ಎಲ್ಲಿ, ಕಿವಿಗೆ ಹತ್ತಿರ ಬರುತ್ತದೆ, ಮರುಕ್ಷಣ ಬೇರೆ ಯಾರದೋ ಸದ್ದಾಗುತ್ತದೆ, ಅತ್ತೆ ಕಣ್ಣು ಮುಚ್ಚಿ ಕೇಳಿದರು, ಇದಲ್ಲ, ಇದೂ ಅಲ್ಲ. ಕೆಳಗೆ ಧಡಬಡನ ಸ್ಕೂಟರು, ಮೆಟ್ಟಿಲ ಮೇಲೆ ಅವನ ಚಪ್ಪಲಿ, ಅತ್ತಿಗೇ, ರೆಡಿ ಇದೆಯಾ. ಕೊಟ್ಟುಬಿಡು ಅಂದರು ಅತ್ತೆ, ಇನ್ನೇನಿದೆ ಅದರಲ್ಲಿ, ಹೊರಟೇಹೋದರು, ನಲ್ಲಿ ಬಿಟ್ಟ ಸದ್ದು, ಪಾತ್ರೆ, ಏಳಬೇಕು, ಬಾಗಿಲು ತೆಗೆಯಬೇಕು, ಜಿಪ್ ಎಳೆಯಬೇಕು, ಎರಡು ಬೆರಳು, ಗ್ಯಾಸು ಕಣೇ, ತನ್ನದೇ ಎದೆಗೂಡಿನ ಮೇಲೆ ಎರಡು ಬೆರಳು, ಉಗುರು ಬಿಳಿಚುವಷ್ಟು ಒತ್ತಿ, ಒಳಗೆ ಏನೋ ನುಡಿಯದಂತೆ ಹಿಡಿದು, ಎರಡು ಬೆರಳು —